ಹೆಬ್ಬೆಟ್ಟಿನ ಚರಿತ್ರೆ

ಹೆಬ್ಬಾಳ ದಾಟಿ ಯಲಹಂಕದ ದಾರಿ ಹಿಡಿದರೆ ಕೊಡಿಗೇಹಳ್ಳಿ. ಅಲ್ಲಿನ ಟಾಟಾನಗರದಲ್ಲಿ ಆಧಾರ್ ಪ್ರಾಧಿಕಾರದ ತಾಂತ್ರಿಕ ಕೇಂದ್ರವಿದೆ. ರೇಷನ್ ಅಂಗಡೀಲಿ ನಾವು ಒತ್ತುವ ಹೆಬ್ಬೆಟ್ಟನ್ನು ಈ ಪ್ರಾಧಿಕಾರದ ಕಂಪ್ಯೂಟರು ತಾಳೆ ನೋಡಿ 'ಹೌದು' ಇಲ್ಲವೇ 'ಅಲ್ಲ' ಅನ್ನುತ್ತದೆ. ಕಲ್ಲು ಒಡೆದು, ಗಾರೆ ಕಲಸಿ ಸವೆದ ಬೆರಳನ್ನು ಅದು ಎಷ್ಟೋ ಸಲ ಗುರುತಿಸೋದೇ ಇಲ್ಲ.

ನಮ್ಮ ಜನರ ಬೆರಳಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಇವತ್ತಲ್ಲ. 1871ರಲ್ಲಿ ಬ್ರಿಟಿಷರು ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದರು. 1911ರ ಕಾಯ್ದೆ ಅವರ ಬೆರಳಚ್ಚು ತೆಗೆಯುವ ಅಧಿಕಾರವನ್ನೂ ಕೊಟ್ಟಿತು. ಹುಬ್ಬಳ್ಳಿ, ಗದಗ, ವಿಜಾಪುರದ ಸೆಟ್ಲ್‌ಮೆಂಟುಗಳಲ್ಲಿ ಹಾಜರಿ ಕೂಗಿಸಿಕೊಂಡು ಬದುಕಿದವರು ನಮ್ಮವರೇ. ಆ ಕಾಯ್ದೆ ತೊಲಗಿದ್ದು 1952ರಲ್ಲಿ.

ಖಾಸಗಿತನ ಅನ್ನೋದು ದುಡ್ಡಿದ್ದವರ ಶೋಕಿ ಎನ್ನುವವರಿಗೆ ಈ ಚರಿತ್ರೆ ಗೊತ್ತಿಲ್ಲ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುತ್ತ ಬಂದ ಕೆಜಿಎಫ್‌ನ ಬೆಜವಾಡ ವಿಲ್ಸನ್ನರೂ ಆಮೇಲೆ ಅರ್ಜಿದಾರರಾದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆದರೆ 2018ರ ತೀರ್ಪು ನೋಡಿ: ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಆಧಾರ್ ಕಡ್ಡಾಯವಲ್ಲ, ಸರ್ಕಾರದ ಅಕ್ಕಿಗೆ ಕೇಳಬಹುದು.

ಹಕ್ಕು ಎಲ್ಲರಿಗೂ ಬಂತು, ಹೆಬ್ಬೆಟ್ಟು ಬಡವನ ಪಾಲಿಗೇ ಉಳೀತು. ಗೆಳೆಯರೇ, ಮೇಷ್ಟ್ರುಗಳೇ, ಯಂತ್ರ 'ಅಲ್ಲ' ಅಂದ ಮಾತ್ರಕ್ಕೆ ಸವಲತ್ತು ನಿರಾಕರಿಸಬಾರದೆಂದು 2017ರ ಅಕ್ಟೋಬರಿನಲ್ಲಿ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿದೆ. ಅಂಗಡಿ ಮುಂದಿನ ಕ್ಯೂನಲ್ಲಿ ಅದನ್ನು ಗಟ್ಟಿಯಾಗಿ ಓದೋಣ.