ತಿಲಕರ ಗಣಪ್ಪ, ನಮ್ಮ ಓಣಿಯ ಗಣಪ್ಪ

ಗಣೇಶ ಚತುರ್ಥಿ ಬಂತು ಅಂದ್ರೆ ನ್ಯೂಸ್ ಸ್ಟುಡಿಯೋಗಳಲ್ಲಿ ಒಂದು ವಾಕ್ಯ ತಪ್ಪದೇ ಕೇಳಿಸುತ್ತೆ. ಸಾರ್ವಜನಿಕ ಗಣೇಶೋತ್ಸವ ಶುರು ಮಾಡಿದ್ದು ಲೋಕಮಾನ್ಯ ತಿಲಕರು, ಬ್ರಿಟಿಷರ ವಿರುದ್ಧ ಜನರನ್ನು ಒಂದುಗೂಡಿಸೋದಕ್ಕೆ. ಈ ವಾಕ್ಯ ಸುಳ್ಳಲ್ಲ ವೀಕ್ಷಕರೇ. ಆದರೆ ಕಥೆ ಇಷ್ಟೇ ಅಲ್ಲ.

ಪೇಶ್ವೆಗಳ ಕಾಲದಲ್ಲೇ ಪುಣೆಯಲ್ಲಿ ಗಣಪತಿ ಹಬ್ಬ ವೈಭವದಿಂದ ನಡೀತಿತ್ತು. 1818ರಲ್ಲಿ ಪೇಶ್ವೆ ಆಡಳಿತ ಮುಗಿಯಿತು. ರಾಜಾಶ್ರಯ ಹೋದ ಮೇಲೆ ಹಬ್ಬ ಬಹುಮಟ್ಟಿಗೆ ಮನೆಯೊಳಗೆ ಉಳಿಯಿತು. ಅದನ್ನು ಮತ್ತೆ ಬೀದಿಗೆ ತಂದವರು ಯಾರು? 1892ರಲ್ಲೇ ಭಾವುಸಾಹೇಬ ರಂಗಾರಿ ತಂದರು ಅಂತ ಒಂದು ಗುಂಪು, 1893ರಲ್ಲಿ ತಿಲಕರು ಅಂತ ಇನ್ನೊಂದು ಗುಂಪು. ಪುಣೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ತಿಲಕರು ತಮ್ಮ ‘ಕೇಸರಿ’ ಪತ್ರಿಕೆಯ ಮೂಲಕ ಅದನ್ನು ಊರೂರಿಗೆ ಹಬ್ಬಿಸಿದರು ಅನ್ನೋದರಲ್ಲಿ ಮಾತ್ರ ಅನುಮಾನವಿಲ್ಲ.

ಈಗ ಹೆಚ್ಚು ಜನ ಹೇಳದ ಭಾಗ. 1893ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ದೊಡ್ಡ ಹಿಂದೂ-ಮುಸ್ಲಿಂ ಗಲಭೆ ಆಯಿತು. ಅಲ್ಲಿವರೆಗೆ ಪುಣೆಯ ಹಿಂದೂಗಳು ಮೊಹರಂನಲ್ಲಿ ಖುಷಿಯಿಂದ ಭಾಗವಹಿಸುತ್ತಿದ್ದರು, ವಾದ್ಯ ಬಾರಿಸುತ್ತಿದ್ದರು, ತಾಬೂತು ಕೂಡ ಮಾಡುತ್ತಿದ್ದರು. ಗಲಭೆಯ ನಂತರ ಮೊಹರಂ ಬಿಡಿ ಅನ್ನುವ ಕರೆ ಬಂತು. ಆ ಜಾಗ ತುಂಬಿದ್ದು ಬೀದಿ ಗಣಪತಿ. ಹುಡುಗರ ಹಾಡಿನ ಮೇಳ, ಕೊನೇ ದಿನದ ಸಾಮೂಹಿಕ ಮೆರವಣಿಗೆ ಇದರಲ್ಲೆಲ್ಲ ಮೊಹರಂನ ನೆರಳಿದೆ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಧರ್ಮದ ವಿಷಯದಲ್ಲಿ ಕೈ ಹಾಕಲ್ಲ ಅಂತ 1858ರ ರಾಣಿಯ ಘೋಷಣೆಯಲ್ಲೇ ಹೇಳಿಕೊಂಡಿದ್ದ ಸರ್ಕಾರಕ್ಕೆ ದೇವರ ಪೆಂಡಾಲಿನ ಭಾಷಣ ತಡೆಯೋದು ಕಷ್ಟವಾಯಿತು. ಹೀಗೆ ಹಬ್ಬ ಸ್ವರಾಜ್ಯದ ವೇದಿಕೆಯೂ ಆಯಿತು. ಒಂದೇ ಹಬ್ಬ ಕೆಲವರನ್ನು ಒಂದುಗೂಡಿಸಿತು, ಕೆಲವರನ್ನು ದೂರ ಮಾಡಿತು. ಎರಡೂ ಸತ್ಯ.

ನಮ್ಮ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ವಿಜಯಪುರ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿದ್ದವು. ಹಾಗಾಗಿ ಪುಣೆಯ ಗಾಳಿ ಇಲ್ಲಿಗೆ ಬೇಗ ಬೀಸಿತು. ಹಳೇ ಮೈಸೂರು ಕಡೆ ಗೌರಿ ಬಾಗಿನದ ಜೊತೆ ಮನೆ ಹಬ್ಬಕ್ಕೇ ತೂಕ ಹೆಚ್ಚು. ನಮ್ಮ ಕಡೆ ಓಣಿಗೊಂದು ಗಣಪ್ಪ.

ತೊಂಬತ್ತರ ದಶಕದ ಹುಬ್ಬಳ್ಳಿಯಲ್ಲಿ ನಮ್ಮದೂ ಒಂದು ಗಣಪ್ಪ ಇತ್ತು. ಹಬ್ಬಕ್ಕೆ ತಿಂಗಳಿದ್ದಾಗಲೇ ಪಟ್ಟಿ ಎತ್ತೋದು ಶುರು. ‘ಕಾಕಾರ, ಗಣಪ್ಪಗ ಪಟ್ಟಿ ಕೊಡ್ರಿ’ ಅಂದ್ರೆ ಐದು ರೂಪಾಯಿ, ದೊಡ್ಡ ಮನಸ್ಸಿನವರಾದರೆ ಹನ್ನೊಂದು. ಮಂಚವೇ ವೇದಿಕೆ, ಅವ್ವಂದಿರ ಸೀರೆಯೇ ಪರದೆ. ಲೈಟಿನ ಜವಾಬ್ದಾರಿ ಮಾತ್ರ ಓಣಿಯ ಎಲೆಕ್ಟ್ರಿಷಿಯನ್ ಮಗನದು. ರಂಜಾನ್‌ಗೆ ನಾವೆಲ್ಲ ಸುರಕುಂಬಾ ಕುಡಿಯುತ್ತಿದ್ದದ್ದು ಅವನ ಮನೆಯಲ್ಲೇ. ಸೀರಿಯಲ್ ಸೆಟ್ ಅಂದ್ರೆ ಗೊತ್ತಲ್ಲ, 230 ವೋಲ್ಟ್ ಅನ್ನು ಸಾಲಿನ ಅಷ್ಟೂ ಬಲ್ಬ್ ಹಂಚಿಕೊಳ್ಳುತ್ತವೆ. ಒಂದು ಸುಟ್ಟರೆ ಇಡೀ ಸಾಲೇ ಆರುತ್ತೆ. ಅವನು ಸ್ಟೂಲ್ ಮೇಲೆ ನಿಂತು ಒಂದೊಂದೇ ಬಲ್ಬ್ ಬದಲಿಸಿ ನೋಡೋನು. ‘ಲೈಟ್ ಹತ್ತೂತನಾ ಮಂಗಳಾರತಿ ಮಾಡಬ್ಯಾಡ್ರಿ’ ಅಂತ ದೊಡ್ಡವರೇ ಕಾಯೋರು. ಸರ್ಕ್ಯೂಟ್ ಪಾಠವನ್ನು ಇಂಜಿನಿಯರಿಂಗ್ ಕಾಲೇಜಿಗಿಂತ ಹತ್ತು ವರ್ಷ ಮೊದಲೇ ಅವನಿಂದ ಕಲಿತೆ.

ಇನ್ನೊಂದು ಮಾತು. ಮೊಹರಂ ಬಂದಾಗ ನಮ್ಮಜ್ಜಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬರೋಳು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ಹಿಂದೂಗಳು ಮೊಹರಂ ಆಚರಿಸುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಅಂದರೆ ಪುಣೆಯಲ್ಲಿ ಬಿಡಿ ಅಂದದ್ದನ್ನು ನಮ್ಮ ಜನ ಬಿಡಲಿಲ್ಲ. ಪುಣೆಯಲ್ಲಿ ಹಿಡಿಯಿರಿ ಅಂದದ್ದನ್ನು ಮಾತ್ರ ಎರಡೂ ಕೈಯಿಂದ ಹಿಡಿದರು. ನಮ್ಮಜ್ಜಿಗೆ 1893 ಗೊತ್ತಿರಲಿಲ್ಲ. ಗೊತ್ತಿದ್ದರೂ ಸಕ್ಕರೆ ಓದಿಸೋದು ನಿಲ್ಲಿಸುತ್ತಿದ್ದಳು ಅಂತ ನನಗೆ ಅನ್ನಿಸಲ್ಲ.

ಈಗ ಹಬ್ಬ ಬಂದರೆ ನಮ್ಮ ಬುಲೆಟಿನ್‌ನಲ್ಲಿ ಮೊದಲ ಸುದ್ದಿ ಮೆರವಣಿಗೆಯ ಮಾರ್ಗ, ಎರಡನೆಯದು ಪೊಲೀಸ್ ಬಂದೋಬಸ್ತ್. ಅದೂ ಸುದ್ದಿಯೇ, ಹೇಳಲೇಬೇಕು. ಆದರೆ ಹಬ್ಬದ ಇತಿಹಾಸ ಬರೆದಿದ್ದು ಪುಣೆಯ ನಾಯಕರು ಮಾತ್ರ ಅಲ್ಲ. ಪಟ್ಟಿ ಕೊಟ್ಟವರು, ಸೀರೆ ಕೊಟ್ಟವರು, ಲೈಟ್ ಹಾಕಿದವರೂ ಬರೆದಿದ್ದಾರೆ. ಈ ಸಲ ನಿಮ್ಮ ಓಣಿಯ ಪೆಂಡಾಲಿಗೆ ಹೋದಾಗ ಒಂದು ಪ್ರಶ್ನೆ ಕೇಳಿ ನೋಡಿ: ಇಲ್ಲಿ ಲೈಟ್ ಹಾಕಿದವರು ಯಾರು?