ಅಳಿಸಿದ ಟೇಪು, ಉಳಿದ ಪಟ್ಟಿ

ಕಚೇರಿಯ ದಾಖಲೆ ಕೋಣೆಯಲ್ಲಿ ವರ್ಷಗಟ್ಟಲೆ ಧೂಳು ಕುಡಿದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು. ಎಲ್ಲ ಕಡತಗಳನ್ನೂ ಇಟ್ಟುಕೊಳ್ಳಲು ಜಾಗ ಸಾಲದು. ವಿವೇಚನೆಯಿಲ್ಲದೆ ತೆಗೆಯಹೊರಟರೆ ಉಳಿಯಬೇಕಾದುದೇ ಮೊದಲು ಹೋಗುತ್ತದೆ. ವಿಡಿಯೋದ ಚರಿತ್ರೆಯೂ ಇದೇ ಕತೆಯೇ.

1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ದೂರದರ್ಶನ ಕೇಂದ್ರಗಳಿಗಾಗಿ ವಿಡಿಯೋ ಟೇಪಿನ ಯಂತ್ರವನ್ನು ಹೊರತಂದಿತು. ಟೇಪು ಎರಡು ಅಂಗುಲ ಅಗಲ, ಬೆಲೆ ಬಲು ದುಬಾರಿ. ಆದರೆ ಅಳಿಸಿ ಮತ್ತೆ ಬಳಸಬಹುದಿತ್ತು. ಆ ಅನುಕೂಲವೇ ಮುಳುವಾಯಿತು. ಲಂಡನ್ನಿನ ಬಿಬಿಸಿ 1970ರ ದಶಕದ ಕೊನೆಯವರೆಗೂ ತನ್ನ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿತು. ಅದರ ‘ಡಾಕ್ಟರ್ ಹೂ’ ಧಾರಾವಾಹಿಯ ಕಾಣೆಯಾಗಿದ್ದ 9 ಕಂತುಗಳು ಮರಳಿ ಸಿಕ್ಕಿದ ಸುದ್ದಿ 2013ರಲ್ಲಿ ಹೊರಬಿದ್ದಿತು. ಸಿಕ್ಕಿದ್ದೆಲ್ಲಿ? ಪರದೇಶಕ್ಕೆ ಕಳಿಸಿದ್ದ ಫಿಲ್ಮ್ ಪ್ರತಿಗಳ ರೂಪದಲ್ಲಿ, ನೈಜೀರಿಯಾದಲ್ಲಿ! 1969ರಲ್ಲಿ ಚಂದ್ರನಿಂದ ಬಂದ ಚಿತ್ರಗಳ ಮೂಲ ಟೇಪುಗಳೂ ಮರುಬಳಕೆಗಾಗಿ ಅಳಿಸಿಹೋಗಿರಬೇಕೆಂದು ನಾಸಾ 2009ರಲ್ಲಿ ಹೇಳಿತು. ಪ್ರಸಾರವಾದ ಪ್ರತಿಗಳು ಉಳಿದುವು. ಮೂಲದ ಸ್ಪಷ್ಟತೆ ಉಳಿಯಲಿಲ್ಲ.

ಜಾಗ ಉಳಿಸುವ ಸರಿಯಾದ ದಾರಿಯನ್ನು ತೋರಿದವರು ಸಂಕಲನಕಾರರು. 1971ರಲ್ಲಿ ಬಂದ ಸಿಎಂಎಕ್ಸ್ 600 ಯಂತ್ರದ ಡಿಸ್ಕುಗಳಲ್ಲಿ ಹಿಡಿಸುತ್ತಿದ್ದುದು ಸುಮಾರು ಅರ್ಧ ಗಂಟೆಯ ಮಸುಕಾದ ಕಪ್ಪುಬಿಳುಪು ಚಿತ್ರ ಮಾತ್ರ. ಆ ಮಸುಕು ಪ್ರತಿಯ ಮೇಲೆಯೇ ಸಂಕಲನ ನಡೆಯುತ್ತಿತ್ತು. ಕೊನೆಗೆ ಕೈಗೆ ಬರುತ್ತಿದ್ದುದು ಒಂದು ಪಟ್ಟಿ: ಯಾವ ಟೇಪು, ಎಲ್ಲಿಂದ ಎಲ್ಲಿಯವರೆಗೆ. ಅದನ್ನು ನೋಡಿಕೊಂಡು ಮೂಲ ಟೇಪಿನಿಂದ ಚಿತ್ರವನ್ನು ಜೋಡಿಸುತ್ತಿದ್ದರು. ಪಟ್ಟಿಯೂ ಮೂಲವೂ ಇದ್ದರೆ ನಡುವಿನದೆಲ್ಲವನ್ನೂ ಮತ್ತೆ ಹುಟ್ಟಿಸಬಹುದು.

ಇದು ತಿಳಿಯದೆ ನಾವೇ ಕೆಟ್ಟೆವು. ನಮ್ಮ ಸಂಘದ ನಾಟಕವನ್ನು ಹತ್ತು ನಿಮಿಷಕ್ಕೆ ಇಳಿಸಿ ವಾರ್ಷಿಕೋತ್ಸವದಲ್ಲಿ ತೋರಿಸಿದ ಮೇಲೆ ಡಿಸ್ಕು ತುಂಬಿತು. ಕಂಪ್ಯೂಟರು ತಾನಾಗಿ ತಯಾರಿಸಿದ ತಾತ್ಕಾಲಿಕ ಕಡತಗಳನ್ನು ಜೋಪಾನವಾಗಿಟ್ಟು, ಎರಡು ಗಂಟೆಯ ಮೂಲ ಚಿತ್ರಣವನ್ನು ಅಳಿಸಿದೆವು. ಮರುವರ್ಷ ಮುಖ್ಯ ಪಾತ್ರಧಾರಿ ತೀರಿಕೊಂಡರು. ಅವರ ಮಗಳು ಬಂದು, “ಅಪ್ಪನ ಕೊನೆಯ ಮಾತಿನ ದೃಶ್ಯ ಪೂರ್ತಿ ಇದೆಯೇ, ಮಾವ?” ಎಂದು ಕೇಳಿದಾಗ ತಲೆ ತಗ್ಗಿಸಿದೆವು. ಉಳಿದಿದ್ದುದು ಹನ್ನೆರಡು ಸೆಕೆಂಡು.

ಡಿವಿ ಕ್ಯಾಮೆರಾದ ಒಂದು ಗಂಟೆಯ ಚಿತ್ರಣಕ್ಕೆ ಬೇಕಾದುದು ಸುಮಾರು 13 ಗಿಗಾಬೈಟು ಮಾತ್ರ. ಎರಡು ಗಂಟೆಗೆ 26. ಅಷ್ಟು ಜಾಗಕ್ಕಾಗಿ ನಾವು ಒಬ್ಬ ಮನುಷ್ಯನ ದನಿಯನ್ನು ಕಳೆದೆವು.

ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿ: ಮದುವೆಯಾಗಲಿ, ನಾಟಕವಾಗಲಿ, ಕೆಲಸ ಮುಗಿದ ಮೇಲೆ ತಾತ್ಕಾಲಿಕ ಕಡತಗಳನ್ನೂ ಸಂಕಲನಕ್ಕೆಂದು ಮಾಡಿಕೊಂಡ ಸಣ್ಣ ಪ್ರತಿಗಳನ್ನೂ ಧಾರಾಳವಾಗಿ ಅಳಿಸಿ. ಮೂಲ ಚಿತ್ರಣ, ಬಳಸಿದ ಸಂಗೀತ ಮತ್ತು ಚಿತ್ರಗಳು, ಸಂಕಲನದ ಕಡತ, ಪೂರ್ಣಗೊಂಡ ಚಿತ್ರ, ಇವನ್ನು ಮುಟ್ಟಬೇಡಿ. ಇನ್ನೊಂದು ಪ್ರತಿ ಬೇರೊಬ್ಬರ ಮನೆಯಲ್ಲಿರಲಿ. ನಮ್ಮೆಲ್ಲರಿಗೂ ನೈಜೀರಿಯಾ ಒದಗಿಬರುವುದಿಲ್ಲ.