ಗಿಡದೊಳಗಿನ ಗಡಿಯಾರ

ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿರುವ ಶಾಮನೂರಿನಿಂದ ಹರಿಹರದವರೆಗಿನ ಸೀಮೆಯಲ್ಲಿ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳಿವೆ. ಲಕ್ಕವಳ್ಳಿಯ ಅಣೆಕಟ್ಟು ಈ ಬಯಲುಸೀಮೆಗೆ ಎರಡನೆಯ ಭತ್ತದ ಬೆಳೆಯನ್ನು ಕೊಟ್ಟಿತು. ಆದರೆ ಜನವರಿ, ಫೆಬ್ರವರಿಯಲ್ಲಿ ನಾಟಿಯಾದ ಬೇಸಿಗೆ ಭತ್ತ ಹೂ ಬಿಡುವುದು ಸುಡುವ ಏಪ್ರಿಲಿನ ಆಸುಪಾಸಿನಲ್ಲಿ. ಬಿಸಿಲು ಮಿತಿಮೀರಿದ ವರ್ಷ ನೀರಿದ್ದೂ ಗೊಬ್ಬರವಿದ್ದೂ ತೆನೆ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಹಿಚುಕಿ ನೋಡಿದರೆ ಜೊಳ್ಳು. ಈ ಜೊಳ್ಳಿನ ಕಾರಣವನ್ನು ಬರಿಯ ಬಿಸಿಲಿನಲ್ಲಿ ಹುಡುಕಿದರೆ ಸಾಲದು, ಹೊತ್ತಿನಲ್ಲಿಯೂ ಹುಡುಕಬೇಕು.

ಗಿಡಮರಗಳಿಗೆ ಹೊತ್ತಿನ ಅರಿವಿದೆಯೆಂಬುದು ಬಹು ಹಳೆಯ ತಿಳಿವಳಿಕೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಲೆಗ್ಸಾಂಡರನ ನೌಕಾಪಡೆಯವನಾದ ಆಂಡ್ರೋಸ್ಥೆನೀಸನು ಇಂದಿನ ಬಹರೈನ್ ದ್ವೀಪದಲ್ಲಿ ಮರವೊಂದನ್ನು ಕಂಡ. ಅದರ ಎಲೆಗಳು ಇರುಳಿನಲ್ಲಿ ಮಡಿಚಿಕೊಂಡು ಸೂರ್ಯೋದಯಕ್ಕೆ ಬಿಚ್ಚಿಕೊಳ್ಳುತ್ತಿದ್ದವು. ಮರ ನಿದ್ದೆಮಾಡುತ್ತದೆಂದು ಅಲ್ಲಿಯ ಜನ ಹೇಳುತ್ತಿದ್ದರಂತೆ. ಅದು ಹುಣಸೆಯೆಂಬುದು ವಿದ್ವಾಂಸರ ಊಹೆ. ಮುಸ್ಸಂಜೆಯಲ್ಲಿ ಹುಣಸೆಮರದ ಕೆಳಗೆ ನಿಂತ ನಮ್ಮ ಹಳ್ಳಿಯ ಹುಡುಗರಿಗೆ ಇದೇನೂ ಹೊಸ ಸುದ್ದಿಯಲ್ಲ.

1729ರಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ದ ಮೇರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲೆಯಲ್ಲಿರಿಸಿದ. ಸೂರ್ಯನನ್ನು ಕಾಣದೆಯೂ ಎಲೆಗಳು ಹಗಲಿಗೆ ಅರಳಿ ಇರುಳಿಗೆ ಮುದುಡಿದವು. ನೋಡದೆಯೇ ಗಿಡ ಸೂರ್ಯನನ್ನು ಅರಿಯುತ್ತದೆಂದು ಆತ ಬಗೆದ. ಶತಮಾನ ಕಳೆದ ಮೇಲೆ, 1832ರಲ್ಲಿ, ದ ಕಾಂಡೋಲ್ ಎಂಬ ಸಸ್ಯಶಾಸ್ತ್ರಜ್ಞ ಇಂಥದೇ ಗಿಡ ಎಡೆಬಿಡದ ದೀಪದ ಬೆಳಕಿನಲ್ಲಿ 22, 23 ಗಂಟೆಗಳಿಗೊಂದು ಸುತ್ತು ಮುಗಿಸುವುದನ್ನು ತೋರಿಸಿದ. ಸೂರ್ಯನ ಲೆಕ್ಕವಾಗಿದ್ದರೆ 24 ಆಗಬೇಕಿತ್ತು. ಗಡಿಯಾರ ಗಿಡದ ಒಳಗೇ ಇದೆಯೆಂಬುದಕ್ಕೆ ಈ ಒಂದೆರಡು ಗಂಟೆಗಳ ವ್ಯತ್ಯಾಸಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೂ ತಾಪದ ಪ್ರಶ್ನೆ ಉಳಿಯಿತು. ಬಂಗಾಳದ ಫರೀದಪುರದಲ್ಲಿ ಸಂಜೆಯ ಪೂಜೆಯ ಹೊತ್ತಿಗೆ ತಲೆಬಾಗಿ ಮುಂಜಾನೆ ಏಳುತ್ತಿದ್ದ ಈಚಲುಮರವೊಂದಿತ್ತು. ಜನ ಅದಕ್ಕೆ ಕೈಮುಗಿದರು. ಜಗದೀಶಚಂದ್ರ ಬೋಸರು ಯಂತ್ರ ಕಟ್ಟಿ ಅಳೆದರು. ದಿನದ ತಾಪದ ಏರಿಳಿತವೇ ಆ ಚಲನೆಯ ಕಾರಣವೆಂಬುದು ಅವರ ನಿರ್ಣಯ. ಅಲ್ಲಿ ಅವರು ಸರಿಯಾಗಿಯೇ ಕಂಡಿದ್ದರು; ಗಿಡದ ಎಲ್ಲ ಚಲನೆಯೂ ಗಡಿಯಾರದ್ದಲ್ಲ. ಆದರೆ ಬಿಸಿಲೇರುವುದಕ್ಕೆ ಮೊದಲೇ ಗಿಡ ಬಿಸಿಲಿಗೆ ಸಿದ್ಧವಾಗುತ್ತದೆಯೆ ಎಂಬ ಬೇರೊಂದು ಪ್ರಶ್ನೆಯೂ ಇದೆ.

ಇದಕ್ಕೆ ಉತ್ತರ ಕೊಟ್ಟ ಗಿಡಗಳಲ್ಲಿ ಹತ್ತಿಯೂ ಒಂದು ಎಂಬುದು, ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯವರಿಗೆ ಹಿತವೆನಿಸಬಹುದು. 1993ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ ಹತ್ತಿಯ ಸಸಿಗಳು ಹಗಲಿನಲ್ಲಿ ಅತಿ ಉಷ್ಣವನ್ನೂ ಇರುಳಿನಲ್ಲಿ ಶೀತವನ್ನೂ ಹೆಚ್ಚಾಗಿ ತಾಳಿದವು. ಬೆಳಕನ್ನು ಆರಿಸದೆ ಬಿಟ್ಟಾಗಲೂ ಈ ಏರಿಳಿತ ನಿಲ್ಲಲಿಲ್ಲ. ಅದೇ ಸಸಿ, ಅದೇ ಬಿಸಿ. ಹೊತ್ತು ಬದಲಾದರೆ ತಾಳಿಕೆಯೂ ಬದಲಾಗುತ್ತದೆ. ತಾಳಿಕೆಯೆಂದರೆ ಗಟ್ಟಿತನವೆಂದಷ್ಟೇ ತಿಳಿದಿದ್ದ ನಮಗೆ ಇದು ಯೋಚಿಸಬೇಕಾದ ಮಾತು.

ಮತ್ತೆ ಭತ್ತಕ್ಕೆ ಬರೋಣ. ಭತ್ತದ ಒಂದೊಂದು ಹೂವೂ ಬೆಳಿಗ್ಗೆ 10ರಿಂದ ಮಧ್ಯಾಹ್ನದೊಳಗೆ, ಹೆಚ್ಚುಕಡಿಮೆ ಒಂದು ಗಂಟೆ ಮಾತ್ರ ತೆರೆದಿರುತ್ತದೆ. ಪರಾಗ ಉದುರಿ ಕಾಳು ಕಟ್ಟುವ ಕೆಲಸ ಆಗಲೇ ಆಗಬೇಕು. ಆ ವೇಳೆಯಲ್ಲಿ ತಾಪ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪರಾಗ ಸರಿಯಾಗಿ ಉದುರುವುದಿಲ್ಲ, ಉದುರಿದ್ದೂ ಮೊಳೆಯುವುದಿಲ್ಲ. ಹೂವು ಯಾವ ಗಂಟೆಗೆ ಅರಳಬೇಕೆಂಬುದರಲ್ಲಿ ಒಳಗಡಿಯಾರದ ಪಾತ್ರವಿದೆ, ಬೆಳಕು ತಾಪಗಳ ಪಾತ್ರವೂ ಇದೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರೂ ಜಪಾನಿನ ವಿಜ್ಞಾನಿಗಳೂ ಕೂಡಿ ಕಾಡುಭತ್ತವೊಂದರ ಗುಣವನ್ನು ಬೆಳೆಯುವ ಭತ್ತಕ್ಕೆ ತಂದು, ಹೂವರಳುವ ವೇಳೆಯನ್ನು ಸುಮಾರು ಒಂದೂವರೆ ಗಂಟೆ ಹಿಂದಕ್ಕೆ, ತಂಪಿನ ಮುಂಜಾನೆಗೆ, ಸರಿಸಿದರು. ಆ ವರದಿ 2015ರಲ್ಲಿ ಹೊರಬಂತು. ಆ ಭತ್ತ ಬಿಸಿಯನ್ನು ಸಹಿಸಲು ಹೋಗದೆ ಅದರ ಕಣ್ಣು ತಪ್ಪಿಸಿತು.

ಇಂಥ ತಳಿ ನಮ್ಮ ಗದ್ದೆಗೆ ಬರುವುದು ಬಂದಾಗ ಬರಲಿ. ಅಲ್ಲಿಯವರೆಗೆ ರೈತನಿಗಿರುವ ಉಪಾಯ ನಾಟಿಯ ದಿನವನ್ನು ಹಿಂದೆ ಮುಂದೆ ಮಾಡುವುದೊಂದೇ. ಆ ದಿನವೋ ನಾಲೆಗೆ ನೀರು ಬಿಡುವವರ ಕೈಯಲ್ಲಿದೆ. ನೀರು ಹದಿನೈದು ದಿನ ತಡವಾದರೆ ಹೂವೂ ಅಷ್ಟು ದಿನ ಬೇಸಿಗೆಯ ನಡುವಿಗೆ ಸರಿಯುತ್ತದೆ. ನೀರಿನ ದಿನ ಗೊತ್ತುಮಾಡುವ ಸಭೆಗಳಲ್ಲಿ ಜಲಾಶಯದ ಮಟ್ಟದ ಜೊತೆಗೆ ಹೂವಿನ ವೇಳೆಯ ಮಾತೂ ಬರಲೆಂದು ನಾನು ಬಯಸುತ್ತೇನೆ.